ಕಿವಿ ತೆರೆಯದ ಪಿನ್

ನನ್ನ ತಂದೆಯವರು ಮೈಸೂರಿನಿಂದ ಕೋಡಂಬಾಕ್ಕಂಗೆ ಬಂದದ್ದು ಸ್ಟುಡಿಯೋದಲ್ಲಿ ಲೈಟ್‌ಬಾಯ್ ಆಗಿ. ಕನ್ನಡ ಚಿತ್ರಗಳ ಚಿತ್ರೀಕರಣ ಹೆಚ್ಚಾಗಿ ಮದ್ರಾಸಿನಲ್ಲೇ ನಡೆಯುತ್ತಿದ್ದ ಕಾಲವದು. ಹಗಲಿನ ಕಾಲ್‌ಶೀಟಿನಲ್ಲಿ ತಮಿಳು ಚಿತ್ರದ ಅರಮನೆಯಾಗಿದ್ದ ಫ್ಲೋರು ರಾತ್ರಿ ಕನ್ನಡ ಚಿತ್ರದ ಗುಡಿಯಾಗುತ್ತಿತ್ತಂತೆ. “ಫ್ಲೋರು ಒಂದೇ ಕಣೋ. ಈ ಹೊತ್ತಿಗೆ ಅದು ಯಾರದು ಅಂತ ನೋಡಿಕೊಂಡೇ ದೀಪ ಹಚ್ಚಬೇಕು” ಎಂದು ಅವರು ಈಗಲೂ ಹೇಳುವುದುಂಟು.

ನನ್ನ ವೃತ್ತಿಯೂ ಹೆಚ್ಚು ಕಡಿಮೆ ಅದೇ. ಲಿನಕ್ಸ್ ಕರ್ನೆಲ್ಲಿಗೆ ಡ್ರೈವರ್ ಬರೆಯುವವನು ನಾನು. ಇಂದಿನ ಚಿಪ್ಪುಗಳಲ್ಲಿ ಕೆಲಸಗಳು ಹೆಚ್ಚು, ಹೊರಗೆ ಚಾಚಿದ ಪಿನ್ನುಗಳು ಕಡಿಮೆ. ಆದ್ದರಿಂದ ಒಂದೇ ಪಿನ್ನು ಹಲವು ವೇಷ ತೊಡಬೇಕಾಗುತ್ತದೆ. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಬೋರ್ಡಿನ ಪಿ9 ಸಾಲಿನ 26ನೆಯ ಪಿನ್ನನ್ನೇ ನೋಡಿ: ಅದು ಸೀರಿಯಲ್ ಪೋರ್ಟಿನ ಕಿವಿಯಾಗಬಲ್ಲದು, ಐಸ್ಕ್ವೇರ್‌ಸಿಯ ದತ್ತಾಂಶದ ತಂತಿಯಾಗಬಲ್ಲದು, ವಾಹನಗಳಲ್ಲಿ ಬಳಸುವ ಕ್ಯಾನ್ ಜಾಲದ ಬಾಯಿಯೂ ಆಗಬಲ್ಲದು. ಯಾವ ಪಿನ್ನು ಯಾರಿಗೆ ಎಂಬ ಪಟ್ಟಿಯನ್ನು ಮೊದಲು ಪ್ರತಿ ಬೋರ್ಡಿನವರೂ ತಮಗೆ ತೋಚಿದಂತೆ ಬರೆದುಕೊಳ್ಳುತ್ತಿದ್ದರು. ಲೀನಸ್ ವಾಲೈ ರೂಪಿಸಿದ ಪಿನ್‌ಕಂಟ್ರೋಲ್ ವ್ಯವಸ್ಥೆ 2012ರ ಜನವರಿಯಲ್ಲಿ ಬಂದ 3.2ನೆಯ ಆವೃತ್ತಿಯೊಡನೆ ಕರ್ನೆಲ್ಲಿಗೆ ಸೇರಿ ಇದಕ್ಕೊಂದು ಶಿಸ್ತು ತಂದಿತು. ಡ್ರೈವರು ಕಣ್ಣು ಬಿಡುವ ಮೊದಲೇ ಅದರ ಪಿನ್ನುಗಳನ್ನು ಕರ್ನೆಲ್ಲು ಸಜ್ಜುಗೊಳಿಸುತ್ತದೆ; ಅದೇ ಪಿನ್ನನ್ನು ಇನ್ನೊಬ್ಬರು ಆಗಲೇ ಹಿಡಿದಿದ್ದರೆ ಕೊಡಲೊಪ್ಪುವುದಿಲ್ಲ.

ಕಳೆದ ಮಳೆಗಾಲದಲ್ಲಿ ನೀರಿನ ಪಂಪುಗಳ ನಿಗಾ ವಹಿಸುವ ಒಂದು ಯಂತ್ರಕ್ಕಾಗಿ ಇದೇ ಬೋರ್ಡಿನ ಮೇಲೆ ಕೆಲಸ ನಡೆದಿತ್ತು. ನಮ್ಮ ಬೋರ್ಡು ಮೀಟರಿಗೆ ಪ್ರಶ್ನೆ ಕಳಿಸುತ್ತಿತ್ತು. ಉತ್ತರ ಮಾತ್ರ ಬರುತ್ತಿರಲಿಲ್ಲ. ತಂತಿ ಬೆಸೆದವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ. “ಸಾರ್, ಉತ್ತರ ಪಿನ್ನಿನವರೆಗೂ ಬರುತ್ತಿದೆ, ಆಸಿಲೋಸ್ಕೋಪಿನಲ್ಲಿ ಕಾಣುತ್ತಿದೆ” ಎಂದು ಮೊದಲ ದಿನವೇ ತಮಿಳಿನಲ್ಲಿ ಹೇಳಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷದ ಅನುಭವ ನನ್ನದು. ತಪ್ಪು ಬೆಸುಗೆಯದೇ ಎಂದು ಎಲ್ಲರೆದುರು ಗದರಿದೆ. ಎರಡು ದಿನ ಆಕೆ ಸರಿಯಾಗಿದ್ದ ತಂತಿಗಳನ್ನು ಬಿಚ್ಚಿ ಬಿಚ್ಚಿ ಮತ್ತೆ ಬೆಸೆದಳು.

ಮೂರನೆಯ ದಿನ ಸಂಜೆ ಏನೂ ಹೇಳದೆ ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟುಹೋದಳು. ಪಿನ್ನುಗಳ ಆ ಕ್ಷಣದ ಸ್ಥಿತಿಯನ್ನು ಕರ್ನೆಲ್ಲು ತೋರಿಸುವ ಕಡತದಿಂದ ಎತ್ತಿ ಬರೆದ ಒಂದೇ ಸಾಲು. 26ನೆಯ ಪಿನ್ನಿನೆದುರು 30 ಇರಬೇಕಾದಲ್ಲಿ 08 ಇತ್ತು. ಹೇಳುವ ಪಿನ್ನಿನ ಸಾಲನ್ನು ನಕಲಿಸಿ ಕೇಳುವ ಪಿನ್ನಿಗೂ ಅಂಟಿಸಿದವನು ನಾನೇ. ಒಳಬರುವ ಸಂಕೇತಕ್ಕೆ ಬಾಗಿಲು ತೆರೆಯುವ ಒಂದೇ ಒಂದು ಬಿಟ್ಟು ಸೊನ್ನೆಯಾಗಿಯೇ ಉಳಿದಿತ್ತು. ಉತ್ತರ ಹೊಸ್ತಿಲವರೆಗೆ ಬಂದು ಪ್ರತಿಸಲವೂ ಹಿಂತಿರುಗಿತ್ತು. ಕರ್ನೆಲ್ಲು ದೂರಲಿಲ್ಲ, ಏಕೆಂದರೆ ಅದು ನೋಡುವುದು ಪಿನ್ನಿಗಾಗಿ ಜಗಳವಿದೆಯೇ ಎಂದು; ಕೊಟ್ಟ ಅಂಕಿ ಸರಿಯೇ ಎಂದಲ್ಲ.

ಅಂಕಿ ತಿದ್ದಿದೆ. ಮೀಟರು ಮಾತಾಡಿತು.

ರಾತ್ರಿ ಊಟದ ಹೊತ್ತಿಗೆ ತಂದೆಯವರಿಗೆ ಇದನ್ನೆಲ್ಲ ವಿವರಿಸಿದೆ. ಬಿಟ್ಟು, ಪಿನ್ನು ಅವರಿಗೆಷ್ಟು ತಿಳಿಯಿತೋ ಕಾಣೆ. ಮಜ್ಜಿಗೆ ಅನ್ನ ಕಲಸುತ್ತ, “ಆ ಹುಡುಗಿಗೆ ಹೇಳಿದೆಯೇನೋ?” ಎಂದರು. ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ, ಗದರಿದ ಜಾಗದಲ್ಲೇ, ಎಲ್ಲರೆದುರು ಕ್ಷಮೆ ಕೇಳಿದೆ. “ಪರವಾಯಿಲ್ಲೆ ಸಾರ್” ಎಂದಳು. ಅಷ್ಟಕ್ಕೇ ಬಿಡಲು ನನಗೆ ಮನಸ್ಸಾಗಲಿಲ್ಲ. ಕರ್ನೆಲ್ ಲೋಕದಲ್ಲೊಂದು ಒಳ್ಳೆಯ ರೂಢಿಯಿದೆ: ದೋಷ ಸರಿಪಡಿಸಿದ ಪ್ಯಾಚಿನ ಕೆಳಗೆ, ಅದನ್ನು ಕಂಡು ತಿಳಿಸಿದವರ ಹೆಸರನ್ನು ‘ರಿಪೋರ್ಟೆಡ್-ಬೈ’ ಎಂದು ನಮೂದಿಸುತ್ತಾರೆ. ಒಂದೇ ಅಂಕಿಯ ಆ ತಿದ್ದುಪಡಿಯ ಕೆಳಗೆ ಆಕೆಯ ಪೂರ್ಣ ಹೆಸರನ್ನು, ಕಾಗುಣಿತ ಅವಳನ್ನೇ ಕೇಳಿಕೊಂಡು, ಬರೆದೆ.