ನಿನ್ನೆ ಆಟ ಹೇಗಾಯ್ತು?

ಜಾಝ್ ಹುಚ್ಚು ಹಿಡಿದವರ ಮಾತಿನ ರೀತಿಯೇ ಬೇರೆ. "ಆ ಹಾಡು ಚೆನ್ನಾಗಿದೆ" ಎಂದಷ್ಟೇ ಹೇಳಿ ಅವರು ಸುಮ್ಮನಾಗುವುದಿಲ್ಲ. ಅದು ಯಾವ ಊರಿನದು, ಯಾವ ತಾರೀಖಿನದು ಎಂದು ಕೇಳುತ್ತಾರೆ. ನವೆಂಬರ್ 2ರ ಕೋಪನ್‌ಹೇಗನ್ ಮೇಲೋ, ನವೆಂಬರ್ 6ರ ಪ್ಯಾರಿಸ್ ಮೇಲೋ ಎಂದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನುಡಿಸಿದ್ದು ಅದೇ ಐದು ಜನ, ಅದೇ ಹಾಡು. ನಡುವೆ ನಾಲ್ಕೇ ದಿನ.

ನಮ್ಮ ಕರಾವಳಿಯವರಿಗೆ ಇದು ವಿಚಿತ್ರ ಅನ್ನಿಸಬಾರದು. ಮೇಳ ತಿರುಗಾಟಕ್ಕೆ ಹೊರಟಿತೆಂದರೆ ಬೆಳಗ್ಗೆ ಹೋಟೆಲಿನಲ್ಲಿ ಚಾ ಬರುವ ಮೊದಲೇ ಬರುವ ಪ್ರಶ್ನೆ ಒಂದೇ: "ನಿನ್ನೆ ಆಟ ಹೇಗಾಯ್ತು ಮಾರಾಯ್ರೆ?" ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಕೌರವನ ತೊಡೆ ಮುರಿಯುತ್ತದೆ, ಭೀಮ ಗೆಲ್ಲುತ್ತಾನೆ. ಹಾಗಿದ್ದರೂ ಕೇಳುತ್ತಾರೆ. ಏಕೆಂದರೆ ಪದ್ಯ ಹಳೆಯದು, ವೇಷಧಾರಿ ಹೇಳುವ ಅರ್ಥ ಆ ರಾತ್ರಿಯದು. ನಿನ್ನೆ ಹೇಳಿದ ಮಾತು ಇವತ್ತು ಅದೇ ರೀತಿ ಬರುವುದಿಲ್ಲ.

ಜಾಝ್ ಕೂಡ ಹೆಚ್ಚು ಕಡಿಮೆ ಹೀಗೆಯೇ. ಮೊದಲು ಎಲ್ಲರೂ ಸೇರಿ ಹಾಡಿನ ಧಾಟಿ ನುಡಿಸುತ್ತಾರೆ. ಅದು ಪದ್ಯ ಇದ್ದ ಹಾಗೆ. ಆಮೇಲೆ ಒಬ್ಬೊಬ್ಬರೇ ಆ ಧಾಟಿಯ ಮೇಲೆ ತಮಗೆ ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುತ್ತಾರೆ. ಅದು ಅರ್ಥ. ಉಳಿದವರು ಸುಮ್ಮನೆ ಕೂರುವುದಿಲ್ಲ. ಎದುರು ವೇಷದ ಹಾಗೆ ಮಾತು ಕೊಡುತ್ತಾರೆ, ಕೆಣಕುತ್ತಾರೆ, ಕೆಲವೊಮ್ಮೆ ದಾರಿ ತಪ್ಪಿಸುತ್ತಾರೆ. ಐದು ಜನರ ಇಂಥ ತಂಡಕ್ಕೆ ಕ್ವಿಂಟೆಟ್ ಎನ್ನುತ್ತಾರೆ.

ನಮಗೂ ಜಾಝ್‌ಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ನಾಗಸ್ವರ ಕಲಿತವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ತಂಡದ ಜೊತೆ ಅವರು ಮಾಡಿದ 'ಜ್ಯೋತಿ' ಎಂಬ ಆಲ್ಬಂ 1983ರಲ್ಲಿ ಬಂತು. ಮೃದಂಗ, ಘಟದ ಜೊತೆ ಸ್ಯಾಕ್ಸೊಫೋನ್ ಕೂತಿದೆ, ಎಲ್ಲೂ ಅಂಟು ಹಾಕಿದ ಹಾಗೆ ಕೇಳುವುದಿಲ್ಲ. ಕೂತಲ್ಲೇ ಹೊಸದು ಹುಟ್ಟಿಸುವವರಿಗೆ ಒಬ್ಬರ ಭಾಷೆ ಇನ್ನೊಬ್ಬರಿಗೆ ಬೇಗ ತಿಳಿಯುತ್ತದೆ.

ಈಗ ಆ ಐವರ ವಿಷಯಕ್ಕೆ ಬರುತ್ತೇನೆ. ಟ್ರಂಪೆಟ್‌ನಲ್ಲಿ ಮೈಲ್ಸ್ ಡೇವಿಸ್, ಸ್ಯಾಕ್ಸೊಫೋನ್‌ನಲ್ಲಿ ವೇಯ್ನ್ ಶಾರ್ಟರ್, ಪಿಯಾನೊದಲ್ಲಿ ಹರ್ಬಿ ಹ್ಯಾನ್‌ಕಾಕ್, ಬಾಸ್‌ನಲ್ಲಿ ರಾನ್ ಕಾರ್ಟರ್, ಡ್ರಮ್ಸ್‌ನಲ್ಲಿ ಟೋನಿ ವಿಲಿಯಮ್ಸ್. 1967ರ ಅಕ್ಟೋಬರ್ ಕೊನೆಗೆ ಇವರು ಯುರೋಪಿನ ತಿರುಗಾಟದಲ್ಲಿದ್ದರು. ಮೈಲ್ಸ್‌ಗೆ ಆಗ 41 ವರ್ಷ. ಟೋನಿಗೆ ಇನ್ನೂ 21. ಹದಿನೇಳನೇ ವಯಸ್ಸಿಗೇ ತಂಡ ಸೇರಿದ ಹುಡುಗ ಅವನು.

ಅಕ್ಟೋಬರ್ 28ಕ್ಕೆ ಬೆಲ್ಜಿಯಂನ ಆಂಟ್‌ವರ್ಪ್, ನವೆಂಬರ್ 2ಕ್ಕೆ ಕೋಪನ್‌ಹೇಗನ್, 6ಕ್ಕೆ ಪ್ಯಾರಿಸ್. ಅಲ್ಲಿಯ ರೇಡಿಯೊದವರು ಇವನ್ನೆಲ್ಲ ಧ್ವನಿಮುದ್ರಿಸಿ ಇಟ್ಟುಕೊಂಡಿದ್ದರು. 2011ರಲ್ಲಿ ಎಲ್ಲ ಸೇರಿ ಹೊರಗೆ ಬಂತು. ಮೂರೂ ಕಡೆ ಶುರುವಾಗುವುದು ಒಂದೇ ಕ್ರಮದಲ್ಲಿ: 'ಎಜಿಟೇಶನ್', ಆಮೇಲೆ 'ಫುಟ್‌ಪ್ರಿಂಟ್ಸ್', ಆಮೇಲೆ 'ರೌಂಡ್ ಮಿಡ್‌ನೈಟ್'. ನಡುವೆ ನಿಲ್ಲಿಸುವುದಿಲ್ಲ, ಹಾಡಿನ ಹೆಸರು ಹೇಳುವುದಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದರ ಎಳೆ ಹಿಡಿದಾಗಿರುತ್ತದೆ.

ನಾನು ಇದನ್ನು ಕೇಳಿದ್ದು ಬಸ್ಸಿನಲ್ಲಿ. ತಾಲೂಕು ಕಚೇರಿ, ಗ್ರಾಮಸಭೆ ಎಂದು ಸುದ್ದಿಗಾಗಿ ಓಡಾಡುವ ಕೆಲಸದಲ್ಲಿ ದಿನಕ್ಕೆ ಎರಡು ಮೂರು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಮೊದಲ ವಾರ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದು ಉಪಾಯ ಮಾಡಿದೆ. 'ಫುಟ್‌ಪ್ರಿಂಟ್ಸ್' ಒಂದನ್ನೇ ಮೂರೂ ಊರಿನದು ಸಾಲಾಗಿ ಹಾಕಿಕೊಂಡು, ಟ್ರಂಪೆಟ್ ಬಿಟ್ಟು ಬರೀ ಡ್ರಮ್ಸ್ ಕಡೆ ಕಿವಿ ಕೊಟ್ಟೆ. ಚೆಂಡೆ ಕೇಳಿ ಬೆಳೆದ ಕಿವಿಗೆ ಅದು ಸುಲಭ. ಆಗ ತಿಳಿಯಿತು. ತಾಳ ಹಿಡಿದು ಕೂರುವ ಕೆಲಸ ಅಲ್ಲ ಆ ಹುಡುಗನದು. ಮುಂದೆ ನುಡಿಸುತ್ತಿರುವ ಹಿರಿಯರನ್ನು ಅವನು ತಳ್ಳುತ್ತಿದ್ದಾನೆ. ಒಂದೊಂದು ಊರಿನಲ್ಲಿ ಒಂದೊಂದು ಕಡೆಗೆ.

ಇದೇ ಐವರ ಇನ್ನೊಂದು ಕಛೇರಿಯ ಬಗ್ಗೆ ಅಭಿಮಾನಿಗಳ ನಡುವೆ ಇವತ್ತಿಗೂ ಜಗಳ ಮುಗಿದಿಲ್ಲ. 1965ರ ಡಿಸೆಂಬರ್ 22 ಮತ್ತು 23, ಶಿಕಾಗೋದ ಪ್ಲಗ್ಡ್ ನಿಕಲ್ ಎಂಬ ಕ್ಲಬ್. ಆ ವರ್ಷ ಮೈಲ್ಸ್ ಸೊಂಟದ ಶಸ್ತ್ರಚಿಕಿತ್ಸೆಯಿಂದಾಗಿ ಹೆಚ್ಚು ಕಾಲ ಮನೆಯಲ್ಲೇ ಇದ್ದರು. ಆಗಷ್ಟೇ ಮತ್ತೆ ವೇದಿಕೆಗೆ ಬಂದಿದ್ದರು. ಶಿಕಾಗೋಗೆ ಹೋಗುವ ದಾರಿಯಲ್ಲಿ ಟೋನಿ ವಿಲಿಯಮ್ಸ್ ಒಂದು ಮಾತು ತೆಗೆದ. ನಮ್ಮಿಂದ ಜನ ಏನು ನಿರೀಕ್ಷಿಸುತ್ತಾರೋ ಅದನ್ನು ಬಿಟ್ಟು ತದ್ವಿರುದ್ಧ ನುಡಿಸೋಣ ಎಂದ. ಜೊತೆಯವರು ಒಪ್ಪಿದರು. ಕ್ಲಬ್ಬಿಗೆ ಬಂದು ನೋಡಿದರೆ ಧ್ವನಿಮುದ್ರಣದ ಯಂತ್ರಗಳು ಸಿದ್ಧ! ಹಾಗಿದ್ದೂ ಹಿಂದೆ ಸರಿಯಲಿಲ್ಲ. ಯಜಮಾನರಿಗೆ ಈ ಒಪ್ಪಂದ ಗೊತ್ತೇ ಇರಲಿಲ್ಲ. ಹ್ಯಾನ್‌ಕಾಕ್ ತಮ್ಮ ಆತ್ಮಕಥೆಯಲ್ಲಿ ಇದನ್ನೆಲ್ಲ ಹೇಳಿಕೊಂಡಿದ್ದಾರೆ.

ಎರಡು ರಾತ್ರಿ, ಒಟ್ಟು ಏಳು ಸರದಿ. ಜೋರಾಗಬೇಕಾದ ಕಡೆ ಡ್ರಮ್ಸ್ ಪಿಸುಗುಡುತ್ತದೆ. ಪಿಯಾನೊ ಎಷ್ಟೋ ಹೊತ್ತು ಮಾಯವಾಗುತ್ತದೆ. ಹಿಂದೆ ಗಿರಾಕಿಗಳ ಮಾತು ಕೇಳಿಸುತ್ತಿರುತ್ತದೆ. ಕೆಲವರ ಪ್ರಕಾರ ಅಲ್ಲಿ ಮೈಲ್ಸ್ ಉಸಿರು ಸೋತಿದೆ, ಸ್ವರ ಒಡೆದಿದೆ, ಹುಡುಗರ ಓಟಕ್ಕೆ ಅವರು ಎಟುಕುತ್ತಿಲ್ಲ. ಇನ್ನು ಕೆಲವರ ಪ್ರಕಾರ ಆ ಒಡೆದ ಸ್ವರವೇ ಆ ರಾತ್ರಿಯ ಜೀವ. ಕಾಯಿಲೆಯಿಂದ ಎದ್ದು ಬಂದವರು ಕಾಲ ಕೆಳಗಿನ ನೆಲ ಅಲುಗಾಡುತ್ತಿದ್ದರೂ ನಿಂತು ನುಡಿಸಿದ್ದು ಅಲ್ಲಿ ಕೇಳುತ್ತದೆ. ಎರಡೂ ಕಡೆಯವರು ಕೇಳಿದ್ದು ಒಂದೇ ಧ್ವನಿಮುದ್ರಣ. ನನ್ನ ಕಿವಿ ಎರಡನೆಯವರ ಕಡೆಗಿದೆ. ಆದರೆ ಮೊದಲನೆಯವರು ಹೇಳದಿದ್ದರೆ ಆ ಒಡೆದ ಸ್ವರವನ್ನು ನಾನು ಗಮನಿಸುತ್ತಲೇ ಇರಲಿಲ್ಲ.

ಮೈಲ್ಸ್ ವೇದಿಕೆಯ ಮೇಲೆ ಜನರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದುದರ ಬಗ್ಗೆಯೂ ಇದೇ ಕಥೆ. ದುಡ್ಡು ಕೊಟ್ಟು ಬಂದವರಿಗೆ ಇದೆಂಥ ಅವಮಾನ ಎಂದು ಸಿಟ್ಟಾದವರಿದ್ದಾರೆ. ಅವರು ತಿರುಗಿದ್ದು ಜನರಿಂದಲ್ಲ, ತಂಡದ ಕಡೆಗೆ. ಮದ್ದಳೆಯವರ ಕಡೆ ಭಾಗವತರು ತಿರುಗಿದ ಹಾಗೆ ಎಂದು ತಿಳಿದವರೂ ಇದ್ದಾರೆ. ಕೂತ ಜಾಗ ಬೇರೆಯಾದರೆ ಕಂಡದ್ದೂ ಬೇರೆ.

ಕೇಳುಗರು ಹಾಗಿರಲಿ, ವೇದಿಕೆಯ ಮೇಲೇ ಇದ್ದವರ ನೆನಪಾದರೂ ಗಟ್ಟಿಯೇ? ಹ್ಯಾನ್‌ಕಾಕ್ ಹೇಳುವ ಒಂದು ಪ್ರಸಿದ್ಧ ಪ್ರಸಂಗವಿದೆ. 1960ರ ದಶಕದ ನಡುವೆ ಯುರೋಪಿನ ಒಂದು ಕಛೇರಿಯಲ್ಲಿ 'ಸೋ ವಾಟ್' ನುಡಿಸುವಾಗ ಅವರ ಬೆರಳು ಪಿಯಾನೊದ ಮೇಲೆ ಪೂರ್ತಿ ತಪ್ಪಾದ ಕಡೆ ಬಿತ್ತು. ಎಲ್ಲ ಹಾಳಾಯಿತು ಎಂದುಕೊಂಡರು. ಮೈಲ್ಸ್ ಅರೆಗಳಿಗೆ ತಡೆದು, ಆ ತಪ್ಪೇ ಸರಿಯೆನಿಸುವಂಥ ಸ್ವರಗಳನ್ನು ನುಡಿಸಿಬಿಟ್ಟರು. ಈ ಪ್ರಸಂಗ ನಡೆದದ್ದು ಎಲ್ಲಿ? ಆತ್ಮಕಥೆಯಲ್ಲಿ ಸ್ಟಾಕ್‌ಹೋಮ್ ಎಂದಿದೆ. ಮಾತನಾಡುತ್ತಾ ಹೇಳಿದಾಗ ಅದೇ ಹ್ಯಾನ್‌ಕಾಕ್ ಸ್ಟಟ್‌ಗಾರ್ಟ್ ಎಂದಿದ್ದಾರೆ. ಊರು ಕಲಸಿಹೋಗಿದೆ. ಆದರೆ ಆ ಕ್ಷಣದ ಬೆವರು, ಆಮೇಲಿನ ಬೆರಗು ಹಾಗೆಯೇ ಉಳಿದಿದೆ. ಸುದ್ದಿ ಬರೆಯುವ ನನಗೆ ಇದು ದೊಡ್ಡ ಪಾಠ ಅನ್ನಿಸಿತು. ತಾರೀಖಿಗೆ ಒಬ್ಬರು ಬೇಕು, ಬೆರಗಿಗೆ ಇನ್ನೊಬ್ಬರು ಬೇಕು. ಎರಡೂ ಒಬ್ಬರ ಬಳಿಯೇ ಸಿಗುವುದು ಕಡಿಮೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆಮೇಲಿನ ತಂಡ. 1969ರ ಹೊತ್ತಿಗೆ ಮೈಲ್ಸ್, ಶಾರ್ಟರ್ ಇಬ್ಬರನ್ನು ಬಿಟ್ಟು ಉಳಿದ ಮೂವರೂ ಬದಲಾಗಿದ್ದರು. ಎಲೆಕ್ಟ್ರಿಕ್ ಪಿಯಾನೊಗೆ ಚಿಕ್ ಕೊರಿಯಾ, ಬಾಸ್‌ಗೆ ಇಂಗ್ಲೆಂಡಿನ ಡೇವ್ ಹಾಲೆಂಡ್, ಡ್ರಮ್ಸ್‌ಗೆ ಜ್ಯಾಕ್ ಡಿಜೊನೆಟ್. ಈ ಐವರೇ ಕೂತು ಸ್ಟುಡಿಯೊದಲ್ಲಿ ಒಂದು ಆಲ್ಬಂ ಮಾಡಲಿಲ್ಲ. ಸ್ಟುಡಿಯೊಗೆ ಹೋದಾಗಲೆಲ್ಲ ಇನ್ನಷ್ಟು ಜನ ಸೇರಿಕೊಂಡರು. ಹಾಗಾಗಿ ಅಭಿಮಾನಿಗಳು ಇದಕ್ಕೆ 'ಕಳೆದುಹೋದ ಕ್ವಿಂಟೆಟ್' ಎಂದು ಹೆಸರಿಟ್ಟರು.

ಕಳೆದುಹೋಗದೆ ಉಳಿದದ್ದು ಕೇಳುಗರಿಂದ, ಅಲ್ಲಿನ ರೇಡಿಯೊದಿಂದ. ಟೇಪುಗಳು ಕೈಯಿಂದ ಕೈಗೆ ಹೋದವು. ಹೋದಲ್ಲೆಲ್ಲ ಕೇಳಿದವರ ಮಾತೂ ಜೊತೆಗೆ ಹೋಯಿತು. 1969ರ ಜುಲೈ 25ರಂದು ಫ್ರಾನ್ಸಿನ ಆಂಟೀಬ್ ಉತ್ಸವದಲ್ಲಿ ಇವರು 'ಮೈಲ್ಸ್ ರನ್ಸ್ ದಿ ವೂಡೂ ಡೌನ್' ನುಡಿಸಿದರು. ಅದು ಸ್ಟುಡಿಯೊದಲ್ಲಿ ಮುದ್ರಣವಾದದ್ದು ಆಗಸ್ಟ್‌ನಲ್ಲಿ, ಅಂಗಡಿಗೆ ಬಂದದ್ದು ಮರುವರ್ಷ. ಅಂದು ಎದುರಿಗೆ ಕೂತಿದ್ದವರ ಕಿವಿಗೆ ಬಿದ್ದದ್ದು ಹೆಸರೇ ಗೊತ್ತಿಲ್ಲದ ಹಾಡು.

ನವೆಂಬರ್ 5ಕ್ಕೆ ಸ್ಟಾಕ್‌ಹೋಮ್‌ನಲ್ಲಿ ಕೊರಿಯಾ ಅವರ ಎಲೆಕ್ಟ್ರಿಕ್ ಪಿಯಾನೊ ಕೆಟ್ಟುಹೋಯಿತು. ಅವರು ಎದ್ದು ಹೋಗಿ ಅಲ್ಲಿದ್ದ ಮಾಮೂಲಿ ದೊಡ್ಡ ಪಿಯಾನೊ ಮುಂದೆ ಕೂತರು. ಕಛೇರಿಯ ಬಣ್ಣವೇ ಬದಲಾಯಿತು. ಕರೆಂಟ್ ಹೋದಾಗ ಪೆಟ್ರೋಮ್ಯಾಕ್ಸ್ ಹಚ್ಚಿ ಆಟ ಮುಂದುವರಿಸಿದ ರಾತ್ರಿಗಳನ್ನು ನಮ್ಮ ಹಿರಿಯರು ಹೇಳುತ್ತಾರಲ್ಲ, ಹಾಗೆ. ಎರಡು ದಿನದ ನಂತರ ಬರ್ಲಿನ್‌ನಲ್ಲಿ ನುಡಿಸಿದ್ದಕ್ಕೂ ಇದಕ್ಕೂ ಅಜಗಜಾಂತರ. ಈ ಕಛೇರಿಗಳು 2013ರಲ್ಲಿ ಒಂದು ಸಂಪುಟವಾಗಿ ಬಂದವು. ಚಿಕ್ ಕೊರಿಯಾ 2021ರಲ್ಲಿ ತೀರಿಕೊಂಡರು, ವೇಯ್ನ್ ಶಾರ್ಟರ್ 2023ರಲ್ಲಿ. ಆ ರಾತ್ರಿಗಳು ಉಳಿದಿವೆ.

ಈಗ ನಮ್ಮ ಕಡೆಯ ಒಂದು ಸಂಗತಿ.

ನಾನು ಸುದ್ದಿ ಕಳಿಸುವ ಭಾಗದಲ್ಲಿ ಒಬ್ಬ ಮದ್ದಳೆಗಾರರಿದ್ದರು. ಐವತ್ತು ವರ್ಷ ಬೇರೆ ಬೇರೆ ಮೇಳಗಳಲ್ಲಿ ತಿರುಗಿದವರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರ ನುಡಿಸಾಣಿಕೆ ಹೇಗಿತ್ತು ಎಂದು ನಾಲ್ಕು ಸಾಲು ಬರೆಯಲು ಮನೆಗೆ ಹೋದೆ. ಶಾಲು, ಹಾರ, ಸನ್ಮಾನಪತ್ರದ ಫೋಟೊಗಳು ಗೋಡೆ ತುಂಬ ಇದ್ದವು. ನುಡಿಸಿದ್ದು ಎಲ್ಲಿದೆ ಎಂದರೆ ಮೊಮ್ಮಗಳ ಮೊಬೈಲಿನಲ್ಲಿ ನಲವತ್ತು ಸೆಕೆಂಡ್‌ನ ವಿಡಿಯೊ. ಅದರಲ್ಲೂ ಅರ್ಧ ಮಕ್ಕಳ ಗಲಾಟೆ.

ಅಂಗಳದಲ್ಲಿ ಕೂತಿದ್ದವರನ್ನು ಕೇಳಿದೆ. ಒಬ್ಬರು, "ಅವರ ಕೈ ಬಹಳ ಮೆದು. ಭಾಗವತರು ಸೋತ ದಿನ ಗೊತ್ತಾಗದ ಹಾಗೆ ಎತ್ತಿಕೊಂಡು ಹೋಗ್ತಿದ್ರು" ಎಂದರು. ಪಕ್ಕದವರು ತಲೆ ಅಲ್ಲಾಡಿಸಿದರು. "ಮೆದು ಎಂಥದ್ದು? ಯುದ್ಧದ ಪದ್ಯಕ್ಕೆ ವೇಷಧಾರಿಯನ್ನು ನಿಲ್ಲಲಿಕ್ಕೆ ಬಿಡ್ತಿರಲಿಲ್ಲ." ಇಬ್ಬರಿಗೂ ಮಾತು ಬೆಳೆಯಿತು. ಯಾವ ಊರಿನ ಆಟ, ಯಾವ ವರ್ಷ, ಆ ದಿನ ಭಾಗವತರು ಯಾರು ಎಂದು ಒಂದು ಗಂಟೆ ನಡೆಯಿತು. ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕೊನೆಗೆ ಅವರೊಂದು ಮಾತು ಹೇಳಿದರು: "ಮನೆಯಲ್ಲಿ ಇಷ್ಟು ವರ್ಷ ನುಡಿಸಿದ್ದು ನಾನು ಕೇಳಿದ್ದೇನೆ. ಆಟದಲ್ಲಿ ಹೀಗೆ ನುಡಿಸ್ತಿದ್ರು ಅಂತ ನನಗೆ ಇವತ್ತೇ ಗೊತ್ತಾದ್ದು."

ಅದೆಲ್ಲ ಬರೆದು ಕಳಿಸಿದೆ. ಪತ್ರಿಕೆಯಲ್ಲಿ ಬಂದದ್ದು: ಹಿರಿಯ ಮದ್ದಳೆವಾದಕರು ನಿಧನರಾದರು, ಪತ್ನಿ ಹಾಗೂ ಮಕ್ಕಳನ್ನು ಅಗಲಿದ್ದಾರೆ, ಸಂತಾಪ ಸೂಚಿಸಿದವರು ಇಂಥಿಂಥವರು. ನಿಧನವಾರ್ತೆಯ ಜಾಗ ಅಷ್ಟೇ. ಕಾರ್ಯಕ್ರಮದ ವರದಿಯ ಜಾಗವೂ ಅಷ್ಟೇ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ನಿರೂಪಿಸಿ ವಂದಿಸಿದವರು. ನಂತರ ಯಕ್ಷಗಾನ ನಡೆಯಿತು. ಆ "ನಡೆಯಿತು" ಎಂಬ ಒಂದು ಪದದೊಳಗೆ ಒಂದು ಇಡೀ ರಾತ್ರಿ ಮುಳುಗಿಹೋಗಿರುತ್ತದೆ.

ಅದಕ್ಕೇ ಆ ಜಾಝ್ ಅಭಿಮಾನಿಗಳ ಜಗಳ ನನಗೆ ಬರೀ ಹುಚ್ಚಾಗಿ ಕಾಣುವುದಿಲ್ಲ. ಕೋಪನ್‌ಹೇಗನ್ ಮೇಲೋ ಪ್ಯಾರಿಸ್ ಮೇಲೋ ಎಂದು ವಾದ ಮಾಡುವವರು ತಮಗೆ ಗೊತ್ತಿಲ್ಲದೆಯೇ ಒಂದು ಲೆಕ್ಕ ಇಡುತ್ತಿದ್ದಾರೆ. ಧ್ವನಿಮುದ್ರಣ ಇದ್ದರೂ ಕೇಳಿದವರ ಮಾತು ಬೇಕು, ಇಲ್ಲದಿದ್ದರೆ ಅದರಲ್ಲಿ ಏನನ್ನು ಕೇಳಬೇಕೆಂದೇ ಮುಂದಿನವರಿಗೆ ತಿಳಿಯುವುದಿಲ್ಲ. ಧ್ವನಿಮುದ್ರಣ ಇಲ್ಲದ ಕಡೆ ಉಳಿಯುವುದು ಆ ಮಾತು ಮಾತ್ರ.

ದೀಪಾವಳಿ ಕಳೆದ ಮೇಲೆ ಮೇಳಗಳು ಮತ್ತೆ ಹೊರಡುತ್ತವೆ. ನಿಮ್ಮೂರಿನ ಗದ್ದೆಗೂ ಬರುತ್ತವೆ. ಮೊಬೈಲ್ ಹೇಗೂ ಕೈಯಲ್ಲಿರುತ್ತದೆ. ವೇಷದ ಫೋಟೊ ತೆಗೆಯಿರಿ, ಬೇಡ ಎನ್ನುವುದಿಲ್ಲ. ಜೊತೆಗೆ ಹಿಮ್ಮೇಳದ ಒಂದು ಪದ್ಯವನ್ನು ಮೊದಲಿನಿಂದ ಕೊನೆಯ ತನಕ ಪೂರ್ತಿ ಧ್ವನಿಮುದ್ರಿಸಿ. ಕೆಳಗೆ ಊರು, ತಾರೀಖು, ಭಾಗವತರು ಯಾರು, ಮದ್ದಳೆ ಯಾರು, ಚೆಂಡೆ ಯಾರು ಎಂದು ಬರೆಯಿರಿ. ಯಾವ ಪದ್ಯಕ್ಕೆ ನಿದ್ದೆ ಹೋದವರು ಎದ್ದು ಕೂತರು ಎಂಬುದನ್ನೂ ಸೇರಿಸಿ. ಪಕ್ಕದಲ್ಲಿ ಕೂತವರು "ಹಾಗಲ್ಲ" ಎಂದರೆ ಅವರು ಹೇಳಿದ್ದನ್ನೂ ಬರೆಯಿರಿ.