ಮುಟ್ಟಬಾರದ ಕಾಡು

ನಮ್ಮ ಚಾಮರಾಜನಗರ ಸೀಮೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಕಣ್ಣಿಗೆ ಮೊದಲು ಬೀಳೋದು ಆನೆಯಲ್ಲ, ಲಂಟಾನ. ಹೂವಿನ ಚೆಂದಕ್ಕೆ ಅಂತ 19ನೇ ಶತಮಾನದ ಶುರುವಿನಲ್ಲಿ ಬಿಳಿಯರು ಈ ದೇಶಕ್ಕೆ ತಂದ ಗಿಡ.

ಅದು ಹೀಗೆ ಕಾಡು ಮುಚ್ಚಿದ್ದು ಯಾಕೆ? ಸೋಲಿಗ ಹಿರಿಯರು ಹೇಳ್ತಾರೆ: ಬಿಸಿಲು ಬಲಿಯೋ ಮುಂಚೆ ನಾವು ತರಗು ಬೆಂಕಿ ಹಾಕ್ತಿದ್ದೆವು. ತರಗೆಲೆ ಸುಡುವಷ್ಟೇ ಬೆಂಕಿ. ಲಂಟಾನದ ಎಳೆಸಸಿ ಸಾಯುತ್ತಿತ್ತು, ಹುಲ್ಲು ಚಿಗುರುತ್ತಿತ್ತು, ದೊಡ್ಡ ಮರ ಉಳಿಯುತ್ತಿತ್ತು. ನೆಲ್ಲಿಮರದ ರಸ ಹೀರುವ ಉಪ್ಪಿಲೂ ಹತೋಟಿಯಲ್ಲಿತ್ತು.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಅವರ ಬೇಸಾಯ ನಿಂತಿತು, ಬೆಂಕಿ ನಿಂತಿತು. ಲಂಟಾನ ನುಗ್ಗಿತು. ಈಗ ಕಾಳ್ಗಿಚ್ಚು ಬಿದ್ದರೆ ಒಣಗಿದ ಆ ಪೊದೆ ಹಿಡಿದು ಮರದ ನೆತ್ತಿಗೇ ಏರುತ್ತದೆ.

'ಮುಟ್ಟಬೇಡ' ಅನ್ನೋ ಮಾತು ನನಗೆ ಹೊಸದಲ್ಲ. ನಮ್ಮಪ್ಪ ಹೋಟೆಲಿನಲ್ಲಿ ತನ್ನ ಲೋಟ ತಾನೇ ತೊಳೆದಿಟ್ಟವನು. ಊರಲ್ಲಿ ನಾವು ಮುಟ್ಟಿದರೆ ನೀರು ಮೈಲಿಗೆ. ಬೆಟ್ಟದಲ್ಲಿ ಸೋಲಿಗ ಮುಟ್ಟಿದರೆ ಕಾಡೇ ಮೈಲಿಗೆ!

2011ರಲ್ಲಿ ಸೋಲಿಗರಿಗೆ ಅರಣ್ಯಹಕ್ಕಿನ ಪತ್ರ ಬಂತು. ತರಗಿಗೆ ಬೆಂಕಿ ಇಡೋದು ಮಾತ್ರ ಇವತ್ತಿಗೂ ಅಪರಾಧ. ಕಾಡು ಬಲ್ಲವನ ಕೈ ಕಟ್ಟಿಹಾಕಿ, ಕಾಡು ಯಾಕೆ ಕೆಟ್ಟಿತು ಅಂತ ಯಾರನ್ನ ಕೇಳ್ತೀರಿ ಸ್ವಾಮಿ?