ವಠಾರದ ಮೀಸೆಯವರು

ನಮ್ಮ ಹಜಾರದಲ್ಲಿ ಮೂರಡಿ ಉದ್ದದ ಗಾಜಿನ ವಠಾರವೊಂದಿದೆ. ಮೇಲಂತಸ್ತಿನಲ್ಲಿ ಗಪ್ಪಿಗಳು, ನಡುಮನೆಯಲ್ಲಿ ಟೆಟ್ರಾಗಳು ಮತ್ತು ಒಂದು ಜೋಡಿ ಏಂಜೆಲ್, ನೆಲದ ಮೇಲೆ ಮೀಸೆಯವರು. ಅಂಗಡಿಯವರು ಇದನ್ನು ‘ಕಮ್ಯುನಿಟಿ ಟ್ಯಾಂಕ್’ ಅನ್ನುತ್ತಾರೆ. ವಠಾರ ಅಂದಮೇಲೆ ಜಗಳಗಂಟರು, ಹೊಟ್ಟೆಬಾಕರು, ಯಾರ ತಂಟೆಗೂ ಹೋಗದವರು ಎಲ್ಲ ಇರಬೇಕಲ್ಲ, ಇಲ್ಲೂ ಇದ್ದಾರೆ. ಬಾಡಿಗೆ ಮಾತ್ರ ನಾನೇ ಕಟ್ಟುತ್ತೇನೆ.

ಮೀಸೆಯವರು ಈ ಮನೆಗೆ ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಮೊದಲು ಬಂದವನು ಸಕ್ಕರ್. ‘ಸಾರ್, ಇದೊಂದು ಹಾಕ್ಕೊಳ್ಳಿ, ಪಾಚಿ, ಗಲೀಜು ಎಲ್ಲಾ ಕ್ಲೀನ್. ನೀವು ಟ್ಯಾಂಕಿಗೆ ಕೈ ಹಾಕೋದೇ ಬೇಡ’ ಎಂದು ಅಂಗಡಿಯವನು ಎರಡಿಂಚಿನ ಕರಿ ಮರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟ. ಅದು ಪಾಚಿ ತಿಂದದ್ದು ನಿಜ. ತಿಂದದ್ದನ್ನೆಲ್ಲ ಹಿಂದಿನಿಂದ ಶ್ಯಾವಿಗೆ ಒತ್ತಿದಂತೆ ಬಿಟ್ಟದ್ದೂ ಅಷ್ಟೇ ನಿಜ. ಎರಡು ವರ್ಷದಲ್ಲಿ ಹತ್ತಿಂಚು ಬೆಳೆದು, ತಿರುಗಿದಾಗೆಲ್ಲ ಒಂದೊಂದು ಗಿಡ ಕಿತ್ತುಕೊಂಡು ಏಳತೊಡಗಿತು. ‘ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ’ ಎಂದರು ಪಕ್ಕದ ಮನೆಯವರು. ದಕ್ಷಿಣ ಅಮೆರಿಕದಿಂದ ಬಂದ ಈ ಕವಚಧಾರಿಯನ್ನು ಹಾಗೆ ಪುಣ್ಯಕ್ಕೆಂದು ಬಿಟ್ಟವರ ದೆಸೆಯಿಂದಲೇ ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಅದು ತುಂಬಿಕೊಂಡಿದೆ. ದಂಡೆಯಲ್ಲಿ ಬಿಲ ಕೊರೆಯುತ್ತದೆ, ಮೀನುಗಾರರ ಬಲೆ ಹರಿಯುತ್ತದೆ, ಹಿಡಿದರೆ ಕೊಳ್ಳುವವರಿಲ್ಲ. ಪುಣ್ಯ ನನಗೆ, ಪಾಪ ಕೆರೆಗೆ. ಆರಡಿ ಟ್ಯಾಂಕ್ ಇರುವ ಪರಿಚಿತರೊಬ್ಬರ ಮನೆ ಸೇರಿಸಿ ಕೈತೊಳೆದುಕೊಂಡೆ.

ಬುದ್ಧಿ ಬಂತೇ? ಇಲ್ಲ. ಮತ್ತೆ ಅದೇ ಅಂಗಡಿ, ಅದೇ ‘ಕ್ಲೀನರ್’. ಈ ಸಲ ಎರಡು ಕೋರಿ. ಪೂರ್ತಿ ಹೆಸರು ಕೋರಿಡೋರಸ್. ‘ಮನೆಗೆ ಕೋರಿ ತಂದಿದ್ದೇನೆ’ ಎಂದು ಮಂಗಳೂರಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದರೆ, ‘ರೊಟ್ಟಿ ಉಂಟಾ ಮಾರಾಯ?’ ಎಂದು ಕೇಳಿದ.

ಎರಡೂ ಬಂದ ದಿನವೇ ಫಿಲ್ಟರಿನ ಹಿಂದೆ ಹೋಗಿ ಕೂತವು, ಈಚೆಗೆ ಬರಲೇ ಇಲ್ಲ. ಆಮೇಲೆ ಓದಿ ತಿಳಿದೆ: ಇವು ಹಿಂಡಿನ ಮೀನು, ಆರಾದರೂ ಜೊತೆಗಿರಬೇಕು. ಇನ್ನೂ ನಾಲ್ಕು ತಂದೆ. ಮೇಲಿನವರು ಬಿಟ್ಟ ಎಂಜಲಿನಲ್ಲಿ ಇವುಗಳ ಹೊಟ್ಟೆ ತುಂಬುವುದಿಲ್ಲವೆಂದು ಗೊತ್ತಾಗಿ, ತಳಕ್ಕೆ ಮುಳುಗುವ ಗುಳಿಗೆಯನ್ನು ರಾತ್ರಿ ದೀಪ ಆರಿಸಿದ ಮೇಲೆ ಬೇರೆಯಾಗಿ ಹಾಕತೊಡಗಿದೆ. ಅಷ್ಟರಲ್ಲಿ ಮೀಸೆ ಸವೆಯುತ್ತಿರುವುದು ಕಣ್ಣಿಗೆ ಬಿತ್ತು. ನಾನು ಹಾಸಿದ್ದ ನೀಲಿ ಬಣ್ಣದ ಜಲ್ಲಿಯ ತಪ್ಪು ಅದು. ಕೋರಿ ಮೂತಿಯನ್ನು ಕಣ್ಣಿನವರೆಗೂ ಮಣ್ಣಿಗೆ ತೂರಿಸಿ, ಬಾಯಿಂದ ಹೀರಿ, ಕಿವಿರಿನಿಂದ ಮರಳು ಹೊರಬಿಡುವ ಪ್ರಾಣಿ. ನುಣುಪಾದ ಹೊಳೆ ಮರಳೇ ಆಗಬೇಕು, ಎಂ-ಸ್ಯಾಂಡ್ ಚೂಪು. ಹತ್ತು ಕಡೆ ಅಲೆದು ಅರ್ಧ ಚೀಲ ತಂದು ಬಚ್ಚಲಲ್ಲಿ ತೊಳೆಯುತ್ತಿದ್ದರೆ ಹೆಂಡತಿ ಬಂದು ನಿಂತಳು. ‘ಏನ್ರೀ, ಮನೆ ಕಟ್ಟೋವಾಗ ಹೊಳೆ ಮರಳು ಸಿಗಲ್ಲ ಅಂದಿದ್ರಿ. ಕೆಲಸದವರಿಗೆ ಮಾತ್ರ ಸಿಕ್ತಾ?’

ನನ್ನವು ಪೆಪ್ಪರ್ಡ್ ಕೋರಿಗಳು, ಬೂದು ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ. ಬೀಗಲ್ ಹಡಗಿನಲ್ಲಿ ದಕ್ಷಿಣ ಅಮೆರಿಕ ಸುತ್ತಿದ ಡಾರ್ವಿನ್ ಹಿಡಿದು ತಂದ ಮೀನುಗಳಲ್ಲಿ ಇದೂ ಒಂದು. 1842ರಲ್ಲಿ ಜೆನಿನ್ಸ್ ಎಂಬ ಪ್ರಕೃತಿ ವಿಜ್ಞಾನಿ ಇದಕ್ಕೆ ಹೆಸರಿಟ್ಟರು. ತಂಪು ಕಡೆಯದಾದ್ದರಿಂದ ಬೆಂಗಳೂರಿನಲ್ಲಿ ಹೀಟರ್ ಕೇಳುವುದಿಲ್ಲ. ಕರೆಂಟ್ ಹೋಗಿ ಗಾಳಿಯ ಪಂಪು ನಿಂತರೆ ಉಳಿದವರೆಲ್ಲ ಏದುಸಿರು ಬಿಡುತ್ತಾರೆ. ಕೋರಿ ಮಾತ್ರ ಬಾಣದಂತೆ ಮೇಲಕ್ಕೆ ಹಾರಿ ಒಂದು ಗುಟುಕು ಗಾಳಿ ನುಂಗಿ ಇಳಿಯುತ್ತದೆ. ಆ ಗಾಳಿಯನ್ನು ಅದರ ಕರುಳೇ ಹೀರಿಕೊಳ್ಳುತ್ತದೆ. ಕಣ್ಣುಗುಡ್ಡೆಯನ್ನು ಕೆಳಕ್ಕೆ ಹೊರಳಿಸುವ ಅಭ್ಯಾಸವೂ ಉಂಟು. ‘ಲೋ, ಇದು ನನಗೆ ಕಣ್ಣು ಹೊಡೀತಲ್ಲೋ’ ಎಂದು ಎಂಬತ್ತರ ಅಮ್ಮ ನಾಚಿಕೊಂಡಿದ್ದಳು.

ಮೇ ತಿಂಗಳ ಒಂದು ಸಂಜೆ ಅರ್ಧ ನೀರು ತೆಗೆದು, ಎರಡು ದಿನ ಡ್ರಮ್ಮಿನಲ್ಲಿಟ್ಟು ಕ್ಲೋರಿನ್ ಕಳೆದ ತಣ್ಣೀರು ತುಂಬಿಸಿದೆ. ರಾತ್ರಿ ಗುಡುಗು ಸಮೇತ ಮಳೆ. ಬೆಳಗ್ಗೆ ನೋಡಿದರೆ ಕೆಳಮನೆಯಲ್ಲಿ ಮದುವೆ ಗದ್ದಲ. ಆ ಮೀನುಗಳ ಊರಿನಲ್ಲಿ ಮಳೆ ಬಿದ್ದು ಹೊಳೆ ತಣ್ಣಗಾದಾಗಲೇ ಮೊಟ್ಟೆಯ ಕಾಲವಂತೆ. ನಮ್ಮ ಮಳೆಯನ್ನೂ ಅವು ತಮ್ಮದೆಂದೇ ಲೆಕ್ಕ ಹಾಕಿರಬೇಕು. ಗಂಡು ಅಡ್ಡ ನಿಲ್ಲುತ್ತದೆ, ಹೆಣ್ಣು ಬಂದು ಅದರ ಹೊಟ್ಟೆಗೆ ಮೂತಿ ಒತ್ತುತ್ತದೆ, ಎರಡೂ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕ್ಷಣಕಾಲ ನಡುಗುತ್ತವೆ. ಬಿಟ್ಟು ಬಂದ ಹೆಣ್ಣು ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಬೊಗಸೆ ಮಾಡಿ ಮೂರು ನಾಲ್ಕು ಮೊಟ್ಟೆ ಹಿಡಿದಿರುತ್ತದೆ. ಗಾಜಿನ ಮೇಲೆ ಒಂದು ಜಾಗ ಆರಿಸಿ, ಬಾಯಿಂದ ಉಜ್ಜಿ, ಅಲ್ಲಿಗೆ ಹೊಟ್ಟೆ ಒತ್ತಿ ಅಂಟಿಸುತ್ತದೆ. ನೆಂಟನಾದ ಕಂಚಿನ ಬಣ್ಣದ ಕೋರಿಯ ಹೆಣ್ಣು ಗಂಡಿನ ವೀರ್ಯವನ್ನು ಬಾಯಿಂದ ಕುಡಿಯುತ್ತದೆ, ಅದು ಕರುಳಿನ ಮೂಲಕ ಹಾದು ಮೊಟ್ಟೆ ಸೇರುತ್ತದೆ ಎಂದು ಜಪಾನಿನ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದ್ದಾರೆ. ಇದನ್ನು ಅಮ್ಮನಿಗೆ ಹೇಳಲಿಲ್ಲ.

ಕಾಫಿ ಕುಡಿದು ಬರುವಷ್ಟರಲ್ಲಿ ವಠಾರದ ಬಣ್ಣ ಬಯಲಾಗಿತ್ತು. ಏಂಜೆಲ್ ಜೋಡಿ ಹೆಣ್ಣಿನ ಬೆನ್ನ ಹಿಂದೆಯೇ ಪಂಕ್ತಿಗೆ ಕೂತಂತೆ ನಿಂತು, ಅಂಟಿಸಿದ್ದನ್ನು ಅಂಟಿಸಿದಂತೆಯೇ ಕಿತ್ತು ತಿನ್ನುತ್ತಿದ್ದವು. ಅಷ್ಟು ದಿನ ಒಂದು ಮಾತಿಲ್ಲದೆ ಬಾಳಿದವರು! ಸಂಜೆಗೆ ಹೆತ್ತವರೂ ಊಟಕ್ಕೆ ಸೇರಿಕೊಂಡರು. ಮನೆ ಬೇರೆ ಮಾಡಿಕೊಡದೆ ಸಂತಾನದ ಆಸೆ ಪಡಬಾರದು.

ಜೂನಿನಲ್ಲಿ ಎರಡನೆಯ ಸಲ ಇಟ್ಟಾಗ ನಾನು ಕಾಫಿ ಕುಡಿಯಲಿಲ್ಲ. ಮೊಟ್ಟೆ ನೆನೆದ ಸಬ್ಬಕ್ಕಿಗಿಂತ ಚಿಕ್ಕದು, ಆದರೆ ಗಟ್ಟಿ. ಬೆರಳ ತುದಿಯಲ್ಲಿ ಮೆಲ್ಲಗೆ ಹೊರಳಿಸಿದರೆ ಗಾಜು ಬಿಟ್ಟು ಬೆರಳಿಗೆ ಅಂಟುತ್ತದೆ. 63 ಸಿಕ್ಕವು. ಅದೇ ಟ್ಯಾಂಕಿನ ನೀರು ತುಂಬಿದ ಐಸ್‌ಕ್ರೀಮ್ ಡಬ್ಬಿಗೆ ಹಾಕಿ ಗಾಳಿಯ ನಳಿಗೆ ಬಿಟ್ಟೆ. ಮೊಟ್ಟೆಗೆ ಬೂಷ್ಟು ಹಿಡಿಯದಿರಲು ಒಣಗಿದ ಕಾಡುಬಾದಾಮಿ ಎಲೆ. ಅಕ್ವೇರಿಯಂನವರು ಇದನ್ನು ಪ್ಯಾಕೆಟ್ ಮಾಡಿ ಮಾರುತ್ತಾರೆ. ನಮ್ಮ ರಸ್ತೆಯಲ್ಲಿ ಪೌರಕಾರ್ಮಿಕ ಅಕ್ಕ ದಿನಾ ಒಂದು ಮೂಟೆ ಗುಡಿಸುತ್ತಾರೆ. ‘ಎರಡೆಲೆ ಕೊಡಿ ಅಕ್ಕ’ ಎಂದಾಗ ಅವರು ನನ್ನ ಮುಖ ನೋಡಿದ ನೋಟ ಮರೆತಿಲ್ಲ.

ಬೆಳ್ಳಗಾದ ಮೊಟ್ಟೆಗಳನ್ನು ದಿನಾ ಡ್ರಾಪರಿನಿಂದ ಎತ್ತಿ ಹಾಕಿದೆ. ನಾಲ್ಕನೆಯ ದಿನ ಡಬ್ಬಿಯ ತಳದಲ್ಲಿ ಗಾಜಿನ ಎಳೆಗಳಂತೆ ಏನೋ ಮಿಸುಕಿತು. ಭೂತಗನ್ನಡಿ ಹಿಡಿದರೆ ಎರಡು ಕಣ್ಣು, ಬಾಲ, ಆಗಲೇ ಮೀಸೆ! ಎರಡು ದಿನ ಹೊಟ್ಟೆಯ ಬುತ್ತಿ ಸಾಕು, ಆಮೇಲೆ ನಮ್ಮ ಪಾಲಿನ ಬಾಣಂತನ. ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಮೊಟ್ಟೆಯನ್ನು ಕಲ್ಲುಪ್ಪಿನ ನೀರಿಗೆ ಹಾಕಿ ಗಾಳಿ ಬಿಟ್ಟರೆ ಒಂದೆರಡು ದಿನದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಮರಿಗಳು ಏಳುತ್ತವೆ, ಅದೇ ಊಟ. ಅಡುಗೆಮನೆಯ ಕಿಟಕಿಯಲ್ಲಿ ತಲೆಕೆಳಗಾದ ಬಾಟಲಿಯೊಂದು ತಿಂಗಳುಗಟ್ಟಲೆ ಗುಳುಗುಳು ಎನ್ನುತ್ತಿತ್ತು. ಒಂದು ಹೊತ್ತು ಹೆಚ್ಚು ಹಾಕಿ ನೀರು ಕೆಡಿಸಿದ್ದಕ್ಕೆ ಒಂದೇ ರಾತ್ರಿಯಲ್ಲಿ ಹದಿನಾಲ್ಕು ಹೋದವು. ಮರುದಿನದಿಂದ ಬೆಳಗ್ಗೆ ಸಂಜೆ ಡಬ್ಬಿ ತೊಳೆಯುವ ಕೆಲಸ ನನ್ನದಾಯಿತು.

ಉಳಿದ 19 ಈಗ ಮುಕ್ಕಾಲು ಇಂಚಾಗಿವೆ. ವಠಾರದಲ್ಲಿ ಅಷ್ಟಕ್ಕೆಲ್ಲ ಜಾಗವಿಲ್ಲ. ಬೇಕಾದವರು ಡಬ್ಬಿ ತಂದು ಒಯ್ಯಬಹುದು, ದುಡ್ಡು ಬೇಡ. ತಳಕ್ಕೆ ಹೊಳೆ ಮರಳು ಹಾಸಿರಬೇಕು. ಆರಕ್ಕಿಂತ ಕಡಿಮೆ ಕೊಡುವುದಿಲ್ಲ. ಟ್ಯಾಂಕ್ ಕ್ಲೀನ್ ಮಾಡೋಕೆ ಬೇಕು ಎನ್ನುವವರಿಗೆ ಒಂದೂ ಇಲ್ಲ.